ಟೈಟ್ ಅಂದ್ರೆ ಎಷ್ಟು ಟೈಟ್?

ನಮ್ಮ ಮಂಡ್ಯ ಸೀಮೆಯಲ್ಲಿ ‘ಟೈಟ್ ಮಾಡು’ ಅನ್ನೋ ಮಾತಿಗೆ ಮೇಲಿನ ಮಿತಿ ಅಂತ ಇಲ್ಲ. ಸೀಲಿಂಗ್ ಫ್ಯಾನ್ ಇರಲಿ, ಪಂಪ್‌ಸೆಟ್ ಪೈಪಿರಲಿ, ಟ್ರ್ಯಾಕ್ಟರ್ ಚಕ್ರ ಇರಲಿ, ಒಬ್ಬರು ಕೈಸೋತು ನಿಲ್ಲಿಸಿದ ಮೇಲೆ ಇನ್ನೊಬ್ಬರು ಬಂದು ‘ತತ್ತಾ ಇಲ್ಲಿ’ ಅಂತ ಸ್ಪ್ಯಾನರ್ ಇಸ್ಕೊಂಡು ಇನ್ನೂ ಕಾಲು ಸುತ್ತು ತಿರುಗಿಸಿದರೇನೇ ಸಮಾಧಾನ. ಸಡಿಲ ಆದರೆ ಅಪಾಯ ಅನ್ನೋದು ಎಲ್ಲರಿಗೂ ಗೊತ್ತು. ಜಾಸ್ತಿ ಬಿಗಿಯಾದರೂ ಅಪಾಯ ಅಂತ ಹೇಳಿ ನೋಡಿ, ‘ಬೆಂಗಳೂರಿನವರು ಬಂದ್ರಪ್ಪಾ’ ಅಂತ ನಗ್ತಾರೆ.

ನಮ್ಮ ಚಿಕ್ಕಪ್ಪನ ಮಗನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರಿದೆ. ಅವನ ಮನೆ ಪಾಂಡವಪುರ, ಕೆಲಸ ಶ್ರೀರಂಗಪಟ್ಟಣ, ಮಾವನ ಮನೆ ಕೆ.ಆರ್. ಪೇಟೆ, ನಮ್ಮ ದೊಡ್ಡಮ್ಮ ಇರೋದು ನಾಗಮಂಗಲ. ಹದಿನೈದು ದಿನಕ್ಕೊಮ್ಮೆ ದೊಡ್ಡಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರೋದು ಇದೇ ಕಾರಿನಲ್ಲಿ. ಈ ನಾಲ್ಕು ತಾಲ್ಲೂಕಿನ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ: ಹೈವೇ ಬಿಟ್ಟು ಒಳಗೆ ತಿರುಗಿದರೆ ಊರಿಗೊಂದು ಹಂಪು, ಕಬ್ಬು ಕಡಿಯೋ ಕಾಲದಲ್ಲಿ ರಸ್ತೆ ತುಂಬ ಹೊರೆ ಹೊತ್ತ ಟ್ರ್ಯಾಕ್ಟರುಗಳು. ತಿರುವಿನಲ್ಲಿ ಕಾರಿನ ಮುಂಭಾಗ ವಾಲಾಡಿದ ಹಾಗೆ ಅನ್ಸುತ್ತೆ ಅಂತ ತಮ್ಮ ಒಂದು ಸ್ಟ್ರಟ್ ಬಾರ್ ತರಿಸಿದ.

ಸ್ಟ್ರಟ್ ಬಾರ್ ಅಂದ್ರೆ ದೊಡ್ಡ ವಿದ್ಯೆಯೇನಲ್ಲ. ಬಾನೆಟ್ ಎತ್ತಿದರೆ ಎಡಕ್ಕೊಂದು ಬಲಕ್ಕೊಂದು ಗುಮ್ಮಟದಂಥ ಜಾಗ ಕಾಣುತ್ತಲ್ಲ, ಮುಂದಿನ ಸಸ್ಪೆನ್ಷನ್ನಿನ ತಲೆ ಬಂದು ಕೂರೋದು ಅಲ್ಲೇ. ಆ ಎರಡನ್ನೂ ಜೋಡಿಸೋ ಅಡ್ಡ ಸರಳು ಇದು. ತಿರುವಿನಲ್ಲಿ ಬಾಡಿ ಬಾಗೋದನ್ನ ಒಂಚೂರು ಕಡಿಮೆ ಮಾಡುತ್ತೆ. ಹಂಪಿನ ಏಟನ್ನ ಮೆತ್ತಗೆ ಮಾಡಲ್ಲ, ದೊಡ್ಡಮ್ಮನ ಸೊಂಟಕ್ಕೆ ಇದರಿಂದ ಏನೂ ಲಾಭವಿಲ್ಲ. ಇದನ್ನ ಅವನಿಗೆ ಮೊದಲೇ ಹೇಳಿದ್ದೆ. ‘ಇರ್ಲಿ ಬುಡಣ್ಣ, ನೋಡೋಕಾದ್ರೂ ಚೆನ್ನಾಗೈತೆ’ ಅಂದ.

ನನ್ನ ತಕರಾರು ಬೇರೆ ಇತ್ತು. ಈ ಬಾರ್ ಸ್ಟಿಕ್ಕರಿನ ಹಾಗೆ ಮೇಲೆ ಅಂಟಿಸೋ ವಸ್ತು ಅಲ್ಲ. ಸಸ್ಪೆನ್ಷನ್ನಿನ ತಲೆಯನ್ನ ಬಾಡಿಗೆ ಹಿಡಿದಿಟ್ಟಿರೋ ನಟ್ಟುಗಳನ್ನೇ ಬಿಚ್ಚಿ, ಬಾರಿನ ಪ್ಲೇಟನ್ನ ಅಲ್ಲಿ ಕೂರಿಸಿ, ಅದೇ ನಟ್ಟುಗಳನ್ನ ಮತ್ತೆ ಹಾಕಬೇಕು. ಅಂದ್ರೆ ಶೋಕಿಯ ಸಾಮಾನಿಗೋಸ್ಕರ ಕಾರಿನ ಭಾರ ಹೊರೋ ಕೀಲಿಗೆ ಕೈ ಹಾಕ್ತಾ ಇದ್ದೀವಿ.

ನಟ್ಟಿನ ವಿಷಯದಲ್ಲಿ ನಮ್ಮ ಮನೆಯವರಿಗೆ ಆಗಲೇ ಒಂದು ಪಾಠ ಆಗಿತ್ತು. ಹೋದ ಮಳೆಗಾಲ ರಾತ್ರಿ ಒಂಬತ್ತೂವರೆ ಹೊತ್ತಿಗೆ, ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗೋ ದಾರಿಯಲ್ಲಿ ಟೈರ್ ಪಂಕ್ಚರ್. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ. ಮೂರು ನಟ್ ಹೇಗೋ ಬಂದವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ತಮ್ಮ ಸ್ಪ್ಯಾನರ್ ಮೇಲೆ ಹತ್ತಿ ನಿಂತ. ಟಣ್ ಅಂತ ಸ್ಟಡ್ಡೇ ಮುರಿದು ಬಂತು. ಹಿಂದಿನ ವಾರ ಟೈರ್ ಬದಲಿಸಿದ್ದ ಅಂಗಡಿಯಲ್ಲಿ ಏರ್ ಗನ್ ಹಿಡಿದು ಗುರ್ ಗುರ್ ಅಂತ ಬಿಗಿದು ಕಳಿಸಿದ್ರು. ಯಾವ ಅಂಗಡಿ ಅನ್ನೋದು ಬೇಡ, ಎಲ್ಲ ಕಡೆ ನಡೆಯೋದೇ. ಗೊತ್ತಿದ್ದವರೊಬ್ಬರು ಜೀಪ್ ತರೋವರೆಗೆ ಎರಡು ಗಂಟೆ ದೊಡ್ಡಮ್ಮ ಆ ಮಳೆಯಲ್ಲಿ, ಆ ಕತ್ತಲಲ್ಲಿ ಕೂತಿದ್ರು. ‘ಟೈಟಾಗಿದ್ರೆ ಸೇಫು’ ಅನ್ನೋದರ ಇನ್ನೊಂದು ಮುಖ ಇದು.

ಯಾಕೆ ಹೀಗಾಗುತ್ತೆ? ಬೋಲ್ಟ್ ಒಂದು ಸ್ಪ್ರಿಂಗ್ ಅಂದ್ಕೊಳ್ಳಿ. ನಟ್ ಬಿಗಿದ ಹಾಗೆಲ್ಲ ಬೋಲ್ಟ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ. ಹಿಗ್ಗಿದ್ದು ವಾಪಸ್ ಕುಗ್ಗೋಕೆ ನೋಡುತ್ತಲ್ಲ, ಆ ಸೆಳೆತವೇ ಎರಡು ಭಾಗಗಳನ್ನ ಒತ್ತಿ ಹಿಡಿಯೋದು. ಕಮ್ಮಿ ಹಿಗ್ಗಿದರೆ ಹಿಡಿತ ಸಾಲದು, ಕುಲುಕಾಟಕ್ಕೆ ನಟ್ ಬಿಚ್ಚಿಕೊಳ್ಳುತ್ತೆ. ಮಿತಿ ಮೀರಿ ಹಿಗ್ಗಿದರೆ ವಾಪಸ್ ಕುಗ್ಗೋ ಶಕ್ತಿಯೇ ಹೋಗುತ್ತೆ, ಸವೆದ ರಬ್ಬರ್ ಬ್ಯಾಂಡಿನ ಥರ. ಮುಂದಿನ ಸಲ ಮುಟ್ಟಿದಾಗ ಮುರಿಯುತ್ತೆ, ಇಲ್ಲಾ ಥ್ರೆಡ್ ಕಿತ್ತು ಬರುತ್ತೆ. ಇನ್ನೊಂದು ವಿಚಿತ್ರ ಏನಂದ್ರೆ, ನಾವು ತಿರುಗಿಸೋಕೆ ಹಾಕೋ ಬಲದಲ್ಲಿ ಹೆಚ್ಚುಕಮ್ಮಿ ಹತ್ತಕ್ಕೆ ಒಂಬತ್ತು ಪಾಲು ಬರೀ ಉಜ್ಜಾಟಕ್ಕೆ ಹೋಗುತ್ತೆ. ಬೋಲ್ಟ್ ಹಿಗ್ಗಿಸೋದು ಉಳಿದ ಒಂದು ಪಾಲು. ಅದಕ್ಕೇ ಥ್ರೆಡ್ಡಿಗೆ ಎಣ್ಣೆ ಬಿಟ್ಟು ಅಷ್ಟೇ ಬಲ ಹಾಕಿದರೂ ಬೋಲ್ಟ್ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗಿಬಿಡುತ್ತೆ. ಕೈಗೆ ಮಾತ್ರ ವ್ಯತ್ಯಾಸ ಗೊತ್ತಾಗಲ್ಲ.

ಭಾನುವಾರ ಬೆಳಿಗ್ಗೆ ಪಾಂಡವಪುರದ ಗ್ಯಾರೇಜಿಗೆ ಹೋದ್ವಿ. ಮೆಕ್ಯಾನಿಕ್ ಅಣ್ಣನಿಗೆ ಅರವತ್ತರ ಹತ್ತಿರ. ನಾನು ಬ್ಯಾಗಿನಿಂದ ಟಾರ್ಕ್ ರೆಂಚ್ ತೆಗೆದಿದ್ದು ನೋಡಿ, ‘ಅಲ್ಲಾ ಕಣಪ್ಪಾ, ಮೂವತ್ತು ವರ್ಸದಿಂದ ಇದೇ ಕೈ. ಇದುಕ್ಕೂ ಒಂದ್ ಮೀಟ್ರು ಬೇಕಾ?’ ಅಂದ್ರು. ಕೋಪ ಇರಲಿಲ್ಲ, ಬೇಜಾರಿತ್ತು.

ಆದ್ರೆ ಕೆಲಸ ಶುರು ಮಾಡಿದ ರೀತಿಯಲ್ಲೇ ಅವರೇನು ಅಂತ ಗೊತ್ತಾಯ್ತು. ಜಾಕ್ ಹಾಕೋಕೆ ಹೋದ ಹುಡುಗನನ್ನ ಗದರಿದ್ರು. ಚಕ್ರ ನೆಲದ ಮೇಲೇ ಇರಬೇಕು. ಕಾರನ್ನ ಎತ್ತಿ ಮೇಲಿನ ನಟ್ ಬಿಚ್ಚಿದರೆ ಸ್ಟ್ರಟ್ ಕೆಳಗೆ ಜಾರುತ್ತೆ. ಆಮೇಲೆ ಮಧ್ಯದ ದೊಡ್ಡ ನಟ್ ತೋರಿಸಿ ತಮ್ಮನಿಗೆ ಹೇಳಿದ್ರು, ‘ಇದನ್ನ ಮಾತ್ರ ಯಾವತ್ತೂ ಮುಟ್ಬ್ಯಾಡ ಕಣ್ಲಾ. ಒಳಗಡೆ ಸ್ಪ್ರಿಂಗ್ ಅದುಮ್ಕೊಂಡು ಕುಂತೈತೆ. ಬಿಚ್ಕಂಡ್ರೆ ಮಖ ಉಳಿಯಕಿಲ್ಲ.’ ಬಾರ್ ಜೊತೆ ಬಂದ ಚೀಟಿಯಲ್ಲಿ ಈ ಮಾತೇ ಇರಲಿಲ್ಲ.

ಸುತ್ತಲಿನ ನಟ್ಟುಗಳನ್ನಷ್ಟೇ ಬಿಚ್ಚಿ ಪ್ಲೇಟ್ ಕೂರಿಸಿದ್ವಿ. ಒಂದೊಂದು ಕಡೆ ಮೂರು ನಟ್. ಪ್ಲೇಟಿನ ದಪ್ಪ ಸೇರಿದ ಮೇಲೂ ಸ್ಟಡ್ಡಿನ ತುದಿ ನಟ್ ದಾಟಿ ಹೊರಗೆ ಕಾಣ್ತಿದೆಯಾ ನೋಡಿದ್ವಿ. ಕಾಣದಿದ್ರೆ ಆ ಬಾರ್ ಹಾಕಬಾರದು. ಎಲ್ಲ ನಟ್ಟನ್ನೂ ಬೆರಳಲ್ಲೇ ಹಿಡಿಸಿ, ಒಂದೇ ನಟ್ಟನ್ನ ಪೂರ್ತಿ ಬಿಗಿಯದೆ ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿದು ಬಂದ್ರು. ಅಡ್ಡ ಸರಳಿನ ಬೋಲ್ಟುಗಳಿಗೆ ಕೈ ಹಾಕಿದ್ದು ಕೊನೆಗೆ.

ಆ ಕಾರಿನ ಸರ್ವಿಸ್ ಪುಸ್ತಕದಲ್ಲಿ ಈ ನಟ್ಟುಗಳಿಗೆ ಬರೆದಿದ್ದು 25 ನ್ಯೂಟನ್ ಮೀಟರ್. ಅಂದ್ರೆ ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 10 ಕೆ.ಜಿ. ಅಕ್ಕಿ ಚೀಲ ತೂಗುಹಾಕಿದಷ್ಟು, ಅಷ್ಟೇ. ನಿಮ್ಮ ಕಾರಿನ ಸಂಖ್ಯೆ ಬೇರೆ ಇರಬಹುದು, ನಿಮ್ಮ ಪುಸ್ತಕ ನೋಡ್ಕೊಳ್ಳಿ. ಅಣ್ಣ ಕೈ ಅಂದಾಜಲ್ಲಿ ಬಿಗಿದ ಆರು ನಟ್ಟಿಗೂ ರೆಂಚ್ ಇಟ್ಟೆ. ಎರಡು ಒಂಚೂರು ತಿರುಗಿ ‘ಟಕ್’ ಅಂದ್ವು. ನಾಲ್ಕು ತಿರುಗದೇನೇ ‘ಟಕ್’ ಅಂದ್ವು.

‘ನೋಡ್ದಾ? ನಾಕು ಕರೆಕ್ಟು!’ ಅಂದ್ರು.

‘ಅಣ್ಣ, ತಿರುಗದೆ ಟಕ್ ಅಂದ್ರೆ 25 ಆದ್ರೂ ಇದೆ ಅಂತ ಅಷ್ಟೇ. 26 ಇರಬಹುದು, 50 ಇರಬಹುದು. ರೆಂಚ್ ಹೇಳಲ್ಲ.’

ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ತಾವೇ ಆರೂ ನಟ್ ಸಡಿಲಿಸಿ, ರೆಂಚ್ ಇಸ್ಕೊಂಡು, ಮೊದಲಿಂದ ಬಿಗಿದ್ರು. ಒಂದೇ ಟಕ್, ಅಲ್ಲಿಗೆ ನಿಲ್ಲಿಸೋದು. ‘ಇನ್ನೊಂದು ಟಕ್’ ಅಂತ ಆಸೆಪಟ್ಟ ತಮ್ಮನ ಕೈಗೆ ಒಂದು ಏಟು ಬಿತ್ತು.

ಟೀ ಕುಡಿಯುವಾಗ ಅವರಪ್ಪನ ಮಾತು ಬಂತು. ಅವರದು ಕೆ.ಆರ್. ಪೇಟೆ ಕಡೆ ಕುಲುಮೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ರಂತೆ. ಪಟ್ಟಿಯನ್ನ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ ನೀರು ಹಾಕೋದು. ತಣ್ಣಗಾಗಿ ಕುಗ್ಗಿದ ಪಟ್ಟಿ ಚಕ್ರವನ್ನ ಒತ್ತಿ ಹಿಡಿಯುತ್ತೆ. ‘ಪಟ್ಟಿ ದೊಡ್ದಾದ್ರೆ ದಾರೀಲಿ ಕಳಚ್ಕತದೆ. ತೀರಾ ಚಿಕ್ದಾದ್ರೆ ಮರಾನೇ ಸೀಳ್ತದೆ. ನಮ್ಮಪ್ಪ ಅಳತೆ ಇಲ್ದೆ ಪಟ್ಟಿ ಕಡೀತಿರ್ಲಿಲ್ಲ’ ಅಂದ್ರು. ನಾನು ಬೋಲ್ಟಿನ ಬಗ್ಗೆ ಹೇಳಬೇಕು ಅಂದ್ಕೊಂಡಿದ್ದನ್ನ ಅವರು ಗಾಡಿ ಚಕ್ರದಲ್ಲಿ ಹೇಳಿ ಮುಗಿಸಿದ್ರು.

ಹೊರಡೋ ಮುಂಚೆ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದ್ವಿ. ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತೆ. ನೂರು ಕಿಲೋಮೀಟರ್ ಓಡಿಸಿ ಒಂದ್ಸಲ ನೋಡು ಅಂತ ತಮ್ಮನಿಗೆ ಹೇಳಿದೆ. ನಾಗಮಂಗಲಕ್ಕೆ ಹೋಗಿ ಬಂದು ಫೋಟೋ ಕಳಿಸಿದ, ಆರೂ ಗೆರೆ ನೆಟ್ಟಗಿದ್ವು. ಅವತ್ತೇ ಚಕ್ರದ ನಟ್ಟುಗಳನ್ನೂ ಸಡಿಲಿಸಿ, ಅದರದೇ ಸಂಖ್ಯೆಗೆ ರೆಂಚಲ್ಲಿ ಬಿಗಿಸಿದ್ದೆ. ನನಗೆ ಮುಖ್ಯವಾಗಿದ್ದು ಬಾರಿಗಿಂತ ಅದೇ. ಅರ್ಧರಾತ್ರಿ ರಸ್ತೆ ಬದಿಯಲ್ಲಿ ಆ ನಟ್ ಒಬ್ಬ ಮನುಷ್ಯನ ಕೈಬಲಕ್ಕೆ ಬಿಚ್ಚಬೇಕು.

ರೆಂಚನ್ನ ಗ್ಯಾರೇಜಿನಲ್ಲೇ ಬಿಟ್ಟು ಬಂದೆ. ಕೆಲಸ ಮುಗಿದ ಮೇಲೆ ಸೆಟ್ಟಿಂಗನ್ನ ಕಡಿಮೆಗೆ ತಿರುಗಿಸಿ ಇಡಿ, ಅದರೊಳಗೂ ಸ್ಪ್ರಿಂಗ್ ಇದೆ ಅಂತ ಹೇಳಿ ಬಂದಿದ್ದೆ. ಮುಂದಿನ ಗುರುವಾರ ಆಫೀಸಿನಲ್ಲಿ ಮೀಟಿಂಗ್ ನಡೀತಿರುವಾಗ ಅಣ್ಣನ ಫೋನು: ‘ಒಂದು ವ್ಯಾನ್ ಬಂದೈತೆ ಕಣಪ್ಪಾ, ಚಕ್ರದ ನಟ್ಟಿಗೆ ಎಷ್ಟು ಅಂತ ವಸಿ ನೋಡಿ ಹೇಳು.’