ಹಿಮ್ಮಡಿಯ ಚಕ್ರ

ಮಾಲ್‌ಗಳ ನುಣುಪು ನೆಲದ ಮೇಲೆ ಹಿಮ್ಮಡಿಯಲ್ಲಿ ಚಕ್ರವಿರುವ ಶೂ ಹಾಕಿಕೊಂಡು ಜಾರುವ ಮಕ್ಕಳನ್ನು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಮಣಿಕಟ್ಟಿನ ಕಡೆಗೆ. ಸ್ಕೇಟಿಂಗ್ ಕ್ಲಾಸಿಗಾದರೆ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್ ಎಲ್ಲ ಕಟ್ಟಿ ಕಳಿಸುತ್ತೇವೆ. ಇದಕ್ಕೆ ಏನೂ ಇಲ್ಲ, ಬರೀ ಶೂ ತಾನೇ ಅಂತ.

ಜಾರಬೇಕಾದರೆ ಕಾಲ್ಬೆರಳು ಮೇಲೆತ್ತಿ ಭಾರವನ್ನೆಲ್ಲ ಹಿಮ್ಮಡಿಗೆ ಹಾಕಬೇಕು. ಆಯ ತಪ್ಪಿದರೆ ಮಗು ಹಿಂದಕ್ಕೆ ಬೀಳುತ್ತದೆ, ತಕ್ಷಣ ಕೈ ಊರುತ್ತದೆ. 2006ರ ಬೇಸಿಗೆಯಲ್ಲಿ ಡಬ್ಲಿನ್‌ನ ಮಕ್ಕಳ ಆಸ್ಪತ್ರೆಯೊಂದಕ್ಕೆ ಹತ್ತೇ ವಾರಗಳಲ್ಲಿ ಹೀಗೆ ಬಿದ್ದ 67 ಮಕ್ಕಳು ಬಂದರು. ಹೆಚ್ಚಿನವರಿಗೆ ಪೆಟ್ಟಾಗಿದ್ದು ಕೈಗೆ. ಮೊದಲ ಸಲ ಹಾಕಿಕೊಂಡಾಗಲೇ ಬಿದ್ದವರೂ ಅದರಲ್ಲಿದ್ದರು.

ಬೆಳೆಯುವ ಮಕ್ಕಳ ಮೂಳೆಯ ತುದಿಯ ಬಳಿ ಮೆದುವಾದ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅದಕ್ಕೆ ಜೋರು ಏಟು ಬಿದ್ದರೆ ಕೆಲವೊಮ್ಮೆ ಮೂಳೆ ಗಿಡ್ಡವಾಗಿಯೋ ಸೊಟ್ಟಗೋ ಬೆಳೆಯಬಹುದು. ಹಾಗಾಗಿ ಬಿದ್ದ ಮಗುವಿನ ಮಣಿಕಟ್ಟು ಊದಿಕೊಂಡರೆ, ಉಳುಕಿರಬೇಕು ಎಂದು ಎಣ್ಣೆ ತಿಕ್ಕಿ ಮಲಗಿಸಬೇಡಿ. ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಬೇಕೆಂದರೆ ತೆಗೆಸಿ.

ಈ ಶೂ ಕೊಡಿಸಲೇಬೇಕು ಅಂದರೆ ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಎರಡನ್ನೂ ಅದೇ ದಿನ ಕೊಡಿಸಿ. ರಸ್ತೆಗೆ, ಶಾಲೆಗೆ ಹೊರಟಾಗ ಚಕ್ರ ಬಿಚ್ಚಿ ಮನೆಯಲ್ಲೇ ಇಡಿ.