ಹಂಸಭಾವಿಯಿಂದ ಮುಂದೆ

ಪ್ರವಾಸದ ಮೊದಲನೆಯ ದಿವಸದ ಉತ್ಸಾಹವನ್ನು ಬಣ್ಣಿಸುವವರು ಬಹಳ. ಕಡೆಯ ದಿವಸವನ್ನು ಕುರಿತು ಬರೆದವರು ಕಡಿಮೆ. ಅಂದು ಮನಸ್ಸು ಆಗಲೇ ಊರು ಮುಟ್ಟಿರುತ್ತದೆ. ದೇಹವೊಂದೇ ರಸ್ತೆಯ ಮೇಲಿರುತ್ತದೆ.

ಕಳೆದ ಮಾರ್ಗಶಿರದಲ್ಲಿ ನಾನೂ ನನ್ನ ಮಗಳೂ ಧಾರವಾಡದಿಂದ ಹೊರಟು, ಹಾನಗಲ್ಲಿನ ತಾರಕೇಶ್ವರ, ಬನವಾಸಿಯ ಮಧುಕೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಗಳನ್ನು ನೋಡಿಕೊಂಡು, ಐದನೆಯ ದಿವಸ ಬೆಳಿಗ್ಗೆ ಹಿರೇಕೆರೂರಿನ ಮೇಲೆ ಹಂಸಭಾವಿಗೆ ಬಂದೆವು. ನಮ್ಮ ವಾಹನ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲು. 1961ರಲ್ಲಿ ಜಾವಾ ಗಾಡಿಗಳನ್ನು ಮಾಡತೊಡಗಿದ ಆ ಕಾರ್ಖಾನೆಯು 1973ರಲ್ಲಿ ಯೆಜ್ಡಿ ಎಂಬ ಹೆಸರನ್ನು ತಾಳಿಸಿತು, 1996ರಲ್ಲಿ ಮುಚ್ಚಿಹೋಯಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಇದರ ಸ್ವಭಾವವೇ ಬೇರೆ. ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸಬೇಕು. ಒದ್ದು ಚಾಲೂ ಮಾಡುವ ಕೋಲನ್ನೇ ಮುಂದಕ್ಕೆ ಮಲಗಿಸಿದರೆ ಗೇರಿನ ಕೋಲಾಗುತ್ತದೆ. ಮಗಳು ಇದನ್ನೆಲ್ಲ ನಮ್ಮ ಓಣಿಯಲ್ಲಿಯೇ ಕಲಿತಿದ್ದಳು. ಆದರೆ ದೂರದ ದಾರಿಯಲ್ಲಿ ನನ್ನ ಹೊರತು ಯಾರೂ ಅದನ್ನು ನಡೆಸಿದವರಲ್ಲ. ಹಿಂದೆ ನನ್ನ ಮನೆಯವಳು ಕೂಡ್ರುತ್ತಿದ್ದಳು. ಅವಳು ತೀರಿಕೊಂಡು ಮೂರು ವರುಷಗಳಾದವು.

ಒಂದು ವರುಷದಿಂದ ನನ್ನ ಎಡಗೈಯ ಬೆರಳುಗಳು ಜೋಮು ಹಿಡಿಯುತ್ತಿವೆ. ಕ್ಲಚ್ಚು ಹಿಡಿಯುವುದು ಅದೇ ಕೈ. ಈ ಮಾತು ನಮ್ಮಿಬ್ಬರಿಗೂ ಗೊತ್ತಿತ್ತು. ನಾಲ್ಕು ದಿವಸ ಇಬ್ಬರೂ ಆಡಿರಲಿಲ್ಲ. ಹಂಸಭಾವಿಯಲ್ಲಿ ಚಹದ ಲೋಟವನ್ನು ಕೆಳಗಿಟ್ಟು ಅವಳು ಕೈ ಚಾಚಿದಳು.

"ಅಪ್ಪಾ, ಕೀಲಿ ಕೊಡ್ರಿ. ನೀವು ಹಿಂದ ಕೂಡ್ರಿ."

"ಹಾವೇರಿತನಕ ಅಷ್ಟ" ಎಂದೆನು.

"ಆತು" ಎಂದಳು.

ಮೊದಲು ಸ್ವಲ್ಪ ದೂರ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬರಬರುತ್ತ ಕಣ್ಣು ರಸ್ತೆಯನ್ನು ಬಿಟ್ಟಿತು. ಸುಗ್ಗಿಯಲ್ಲಿ ಗೋವಿನಜೋಳವನ್ನು ರಸ್ತೆಯ ಅಂಚಿನಲ್ಲಿ ಒಣಹಾಕುವುದು ಈ ಸೀಮೆಯ ರೂಢಿ. ಸವಾರನಿಗೆ ಅದು ಗಾಲಿಯನ್ನು ಜಾರಿಸುವ ಕಾಳು, ಮತ್ತೇನೂ ಅಲ್ಲ. ಈ ನಾಡು ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಿಂದಲೂ (ಹಾವೇರಿ ಜಿಲ್ಲೆಯಾದುದು 1997ರಲ್ಲಿ) ನಾನು ಬಯ್ಯುತ್ತಲೇ ಅದನ್ನು ದಾಟಿದವನು. ಈಗ ಕಂಡುದೇನೆಂದರೆ, ಒಬ್ಬ ಮುದುಕಿ ಬರಿಗಾಲಿನಿಂದ ಆ ಕಾಳಿನಲ್ಲಿ ಸಾಲು ಸಾಲಾಗಿ ಗೆರೆ ಎಳೆಯುತ್ತ ನಡೆದಿದ್ದಳು, ಬಿಸಿಲು ಅಡಿಯ ಕಾಳಿಗೂ ತಾಗಲೆಂದು. ಅವಳ ಹಿಂದೆ ಒಂದು ಕೂಸು ತನ್ನ ಪುಟ್ಟ ಗೆರೆಯನ್ನು ಎಳೆಯುತ್ತಿತ್ತು.

ಇಂಥದನ್ನೆಲ್ಲ ನನ್ನ ಮನೆಯವಳು ರಾತ್ರಿ ಬಿಡಾರದಲ್ಲಿ ಹೇಳುತ್ತಿದ್ದಳು. "ನೋಡಿದ್ರೇನು?" ಎಂದು ಕೇಳುವಳು. ನಾನು ಹೂಂಗುಟ್ಟುತ್ತಿದ್ದೆನು. ನಾವಿಬ್ಬರೂ ಒಂದೇ ಗಾಡಿಯ ಮೇಲೆ ಎರಡು ಬೇರೆ ಬೇರೆ ನಾಡುಗಳನ್ನು ಸುತ್ತಿದ್ದೆವೆಂದು ನನಗೆ ಆ ಹಾದಿಯಲ್ಲಿ ತೋರಿತು.

ಕಾಗಿನೆಲೆಯ ಮಾರ್ಗವಾಗಿ ಹಾವೇರಿಗೆ ಬಂದೆವು. ಮಗಳು ಗಾಡಿಯನ್ನು ಬದಿಗೆ ನಿಲ್ಲಿಸಿ, ನೆಲಕ್ಕೆ ಕಾಲೂರಿ ನನ್ನ ಕಡೆ ತಿರುಗಿದಳು. ನಾನು ಇಳಿಯಲಿಲ್ಲ. ಅವಳು ಏನನ್ನೂ ಕೇಳದೆ ಹೆದ್ದಾರಿಗೆ ಹತ್ತಿಸಿದಳು. ಲಾರಿಗಳ ಗದ್ದಲ, ಧೂಳು. ಅಲ್ಲಿಂದ ಹುಬ್ಬಳ್ಳಿಯವರೆಗೆ ಹೇಳತಕ್ಕದ್ದೇನೂ ಇಲ್ಲ.

ಧಾರವಾಡ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವಳು ಕೀಲಿಯನ್ನು ತನ್ನ ಚೀಲದಲ್ಲಿಯೇ ಇಟ್ಟುಕೊಂಡಳು.