ಪೆಟ್ಟಿಗೆಯಲ್ಲಿ ಬಂದ ಸೈಕಲ್ಲು

ಸೈಕಲ್ ಕೊಳ್ಳುವುದೂ ಒಂದು ಕಥೆಯೇ ಎಂದು ಮೂಗು ಮುರಿಯಬೇಡಿ ಮಿತ್ರರೇ! ಇಟಲಿಯ ಡಿ ಸಿಕಾ 1948ರಲ್ಲಿ ಕಳುವಾದ ಒಂದೇ ಒಂದು ಸೈಕಲ್ಲಿನ ಮೇಲೆ ‘ಬೈಸಿಕಲ್ ಥೀವ್ಸ್’ ತೆಗೆದು ಜಗತ್ತನ್ನೇ ಅಳಿಸಿದ. ಅದರ ನಾಯಕನಿಗೆ ಸೈಕಲ್ ಇಲ್ಲದಿದ್ದರೆ ಕೆಲಸವಿಲ್ಲ. ನಮ್ಮಕ್ಕನ ಮಗನದೂ ಅದೇ ಪಾಡು. ಬೆಳಗಿನ ಆರಕ್ಕೆ ಪಾಳಿ. ಅಷ್ಟೊತ್ತಿಗೆ ಅವನ ದಾರಿಗೆ ಬಸ್ಸಿಲ್ಲ.

“ಫೋನಿನಲ್ಲೇ ಬುಕ್ ಮಾಡ್ದೆ ಮಾಮ, ಅಂಗಡಿಗಿಂತ ಎಂಟುನೂರು ಕಡಿಮೆ!” ಅಂದ. ನನಗೂ ಖುಷಿಯೇ ಆಯಿತು, ಸುಳ್ಳೇಕೆ? ದಾವಣಗೆರೆಯ ನಮ್ಮ ಬೀದಿಯ ಸೈಕಲ್ ಶಾಪಿನ ಚಾಚಾ ಆಗ ನೆನಪಿಗೇ ಬರಲಿಲ್ಲ. 1982ರಲ್ಲಿ ‘ಹಾಲು ಜೇನು’ ನೋಡಲು ಹೊರಟಾಗ ಜೇಬಿನಲ್ಲಿದ್ದದ್ದು ಟಿಕೆಟ್ಟಿನ ಕಾಸು ಮಾತ್ರ. ಗಂಟೆಗೆ ಎಂಟಾಣೆಯ ಬಾಡಿಗೆ ಸೈಕಲ್ ಕೈಗಿಟ್ಟು, “ಅಣ್ಣಾವ್ರ ಪಿಕ್ಚರ್ರಾ? ಹೋಗ್ಬಾ, ಆಮೇಲೆ ಕೊಡು” ಅಂದವರು ಅವರು. ಆಮೇಲೆ ಕೊಟ್ಟೆನೋ ಇಲ್ಲವೋ... ನೆನಪಿಲ್ಲ!

ಪೆಟ್ಟಿಗೆ ಬಂತು. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್ಲು ಎಲ್ಲ ಬೇರೆ ಬೇರೆ. ಹುಡುಗ ವಿಡಿಯೋ ನೋಡಿ ಜೋಡಿಸಿದ. ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ, ತುಳಿಯುತ್ತಾ ತುಳಿಯುತ್ತಾ ಸಡಿಲವಾಗದಿರಲಿ ಅಂತ. ಇವನು ಎಲ್ಲದರಂತೆ ಬಲಕ್ಕೇ ತಿರುಗಿಸಿ ಬಿಗಿದ. ಮೂರನೇ ದಿನ ಪೆಡಲ್ ಕಿತ್ತು ರಸ್ತೆಗೆ, ಹುಡುಗನೂ ರಸ್ತೆಗೆ! ಮೊಣಕಾಲು ತರಚಿತು, ದಿನದ ಸಂಬಳ ಹೋಯಿತು. ಕಂಪನಿಗೆ ಫೋನ್ ಮಾಡಿದರೆ “ಫೋಟೋ ಕಳಿಸಿ” ಎಂಬ ಉತ್ತರ.

ತಲೆ ತಗ್ಗಿಸಿಕೊಂಡು ಚಾಚಾನ ಬಳಿಗೆ ತಳ್ಳಿಕೊಂಡು ಹೋದೆವು. ಎಂಬತ್ತರ ಹತ್ತಿರದ ಜೀವ. ಸೈಕಲ್ ನೋಡಿದರು, ನನ್ನನ್ನು ನೋಡಿದರು. “ಎಷ್ಟು ಉಳೀತು?” ಅಷ್ಟೇ ಕೇಳಿದ್ದು. ಮುಂದಿನ ಫೋರ್ಕು ಕೂಡ ಹಿಂದುಮುಂದಾಗಿತ್ತಂತೆ. ನಮಗೆ ಗೊತ್ತೇ ಆಗಿರಲಿಲ್ಲ! ಥ್ರೆಡ್ಡು ಹೋದ ಎಡ ಕ್ರ್ಯಾಂಕ್ ಬದಲಿಸಿ, ಚಕ್ರದ ಬೆಂಡ್ ತೆಗೆದು, ಬ್ರೇಕ್ ಸರಿ ಮಾಡಿ ಆರುನೂರೈವತ್ತು ತೆಗೆದುಕೊಂಡರು.

ಹುಡುಗನದೇ ತಪ್ಪು ಅನ್ನಲಾರೆ. ಅವನಿಗೆ ಬೇಕಾಗಿದ್ದ ಗೇರ್ ಸೈಕಲ್ ಆ ಅಂಗಡಿಯಲ್ಲಿ ಇರಲೇ ಇಲ್ಲ, ಇದ್ದದ್ದೇ ಮೂರು. “ಅಲ್ಲೇ ತಗೋ ಮಗಾ, ಯಾರು ಬೇಡ ಅಂದ್ರು? ಪೆಟ್ಟಿಗೆ ಸಮೇತ ತಂದಿದ್ರೆ ಜೋಡಿಸ್ಕೊಡ್ತಿರ್ಲಿಲ್ವಾ?” ಎಂದರು ಚಾಚಾ.

ಹೊರಡುವಾಗ ಧೈರ್ಯ ಮಾಡಿ ಆ ಒಂದೂವರೆ ರೂಪಾಯಿ ಬಾಡಿಗೆಯ ಮಾತೆತ್ತಿದೆ.

“ಬುಕ್ಕಲ್ಲಿ ಬರ್ದಿದ್ದೆ. ಬುಕ್ಕು ಗೆದ್ದಲು ತಿಂದೈತೆ. ನಿಲ್ಲು, ಹಿಂದಿನ ಟೈರಿಗೆ ಗಾಳಿ ಕಡಿಮೆ ಐತೆ” ಎಂದು ಪಂಪು ಎತ್ತಿಕೊಂಡರು.